ಚಂದಲದೇವಿಗೆ ಸಲ್ಲಬೇಕಾದ್ದು

ಜತ್ತ ಸೀಮೆಯ ದರಿಬಡಚಿಯಿಂದ ಪಡುವಣಕ್ಕೆ ಹೊರಟರೆ ಕರಾಡ, ಈಶಾನ್ಯಕ್ಕೆ ಹೊರಟರೆ ಬಸವಕಲ್ಯಾಣ. ಹನ್ನೊಂದನೆಯ ಶತಮಾನದಲ್ಲಿ ಅದು ಶಿಲಾಹಾರರ ಕರಹಾಟ, ಇದು ಚಾಲುಕ್ಯರ ರಾಜಧಾನಿ. ಕರಹಾಟ ತವರಾಗಿದ್ದು ಕಲ್ಯಾಣಕ್ಕೆ ಸೊಸೆಯಾಗಿ ಬಂದವಳು ಚಂದಲದೇವಿ, ಆರನೆಯ ವಿಕ್ರಮಾದಿತ್ಯನ ರಾಣಿ. ಎರಡೂ ಊರುಗಳ ನಡುವೆ ಬದುಕುವ ಜತ್ತ ಸೀಮೆಯ ಕನ್ನಡಿಗರಾದರೂ ಅವಳ ಕಥೆಗೆ ಅಂಟಿದ ತಪ್ಪುಗಳನ್ನು ಬಿಡಿಸಬೇಕು.

ತಪ್ಪಿನ ಬೇರು ಬಿಲ್ಹಣನ 'ವಿಕ್ರಮಾಂಕದೇವಚರಿತ'ದಲ್ಲಿದೆ. ಕಾಶ್ಮೀರದಿಂದ ಬಂದು ವಿಕ್ರಮಾದಿತ್ಯನ ಆಸ್ಥಾನ ಸೇರಿದ ಈ ಕವಿ ಅವಳನ್ನು ಚಂದ್ರಲೇಖೆ ಎಂದು ಕರೆದ, ಕರಹಾಟದಲ್ಲಿ ದೊಡ್ಡ ಸ್ವಯಂವರ ನಡೆಸಿದ, ದೇಶದೇಶದ ಅರಸರನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬರನ್ನೇ ತಳ್ಳಿಹಾಕಿಸಿದ. ಸಂಸ್ಕೃತ ಮಹಾಕಾವ್ಯದಲ್ಲಿ ಸ್ವಯಂವರ ಒಂದು ಕಟ್ಟಳೆ. ಕಾಳಿದಾಸನ ಇಂದುಮತಿಗೂ ಅದೇ ಮಂಟಪ. ಜೈಸಲ್ಮೇರದಲ್ಲಿ ಸಿಕ್ಕ ಹಸ್ತಪ್ರತಿಯಿಂದ ಬ್ಯೂಲರ್ 1875ರಲ್ಲಿ ಕಾವ್ಯವನ್ನು ಅಚ್ಚು ಮಾಡಿಸಿದ ಮೇಲೆ ಆ ಮಂಟಪ ಜನಪ್ರಿಯ ಬರಹಗಳಿಗೆ ಇತಿಹಾಸವಾಗಿಯೇ ಬಂತು. ಶಾಸನಗಳಲ್ಲಿ ಅವಳ ಹೆಸರು ಚಂದಲದೇವಿ. ಇನ್ನೊಬ್ಬ ಕಾಶ್ಮೀರಿ, ಕಲ್ಹಣ, 'ರಾಜತರಂಗಿಣಿ'ಯಲ್ಲಿ ಚಂದಲಾ ಎಂದೇ ಬರೆಯುತ್ತಾನೆ. ಅವಳ ಚಿತ್ರ ನೋಡಿ ಕಾಶ್ಮೀರದ ದೊರೆ ಹರ್ಷ ಮರುಳಾಗಿ, ಪರ್ಮಾಡಿಯನ್ನು, ಅಂದರೆ ವಿಕ್ರಮಾದಿತ್ಯನನ್ನು, ಸೋಲಿಸಿ ಅವಳನ್ನು ತರುವೆನೆಂದು ಪಣ ತೊಟ್ಟ ಪ್ರಸಂಗವದು. ಕಲ್ಹಣ ಹೇಳಹೊರಟದ್ದು ಹರ್ಷನ ಅವಿವೇಕ. ನಾವು ಅದನ್ನು ರಾಣಿಯ ಚೆಲುವಿಗೆ ಸಾಕ್ಷಿಯಾಗಿ ಬಳಸುತ್ತೇವೆ. ಬೇಸರದ ಸಂಗತಿ.

ಬಿರುದಿನ ಗೊಂದಲ ಇನ್ನೂ ಕೆಟ್ಟದ್ದು. ಚಂದಲದೇವಿ ಏಕೈಕ ಪಟ್ಟದರಸಿ, ಉಳಿದವರು ಕಿರಿಯರು ಎಂದು ಬರೆಯುವವರಿದ್ದಾರೆ. ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದವನು. ಲಕ್ಷ್ಮಾದೇವಿ, ಮಲಯಮತಿ, ಸಾವಳದೇವಿ ಮೊದಲಾದ ರಾಣಿಯರೂ ಶಾಸನಗಳಲ್ಲಿದ್ದಾರೆ. ಪಿರಿಯರಸಿ, ಪಟ್ಟಮಹಾದೇವಿ, ಅಗ್ರಮಹಿಷಿ ಎಂಬ ಗೌರವ ಇವರಲ್ಲಿ ಒಬ್ಬಳ ಸ್ವತ್ತಾಗಿರಲಿಲ್ಲ. ಒಂದು ಕಲ್ಲಿನ ಬಿರುದು ಆ ಕಲ್ಲಿನ ಕಾಲಕ್ಕೆ ಮಾತ್ರ ಸಾಕ್ಷಿ. ಅದನ್ನು ಐವತ್ತು ವರ್ಷಕ್ಕೂ ಎಳೆದರೆ ಉಳಿದ ರಾಣಿಯರಿಗೆ ಅನ್ಯಾಯ.

ರಾಣಿವಾಸವೆಂದರೆ ಬರೀ ಶೃಂಗಾರ ಎಂಬುವವರು ಜತ್ತದ ಗಡಿ ದಾಟಿ ವಿಜಯಪುರ ಜಿಲ್ಲೆಯ ಹೊನವಾಡವನ್ನು ನೆನೆಯಲಿ. ಶಾಸನದ ಪೊನ್ನವಾಡ ಅದು. 1054ರಲ್ಲಿ ಆ ಅಗ್ರಹಾರವನ್ನು ಆಳುತ್ತಿದ್ದವಳು ವಿಕ್ರಮಾದಿತ್ಯನ ತಂದೆ ಒಂದನೆಯ ಸೋಮೇಶ್ವರನ ರಾಣಿ ಕೇತಲದೇವಿ. ಅವಳ ಅಧಿಕಾರಿ ಚಾಂಕಿರಾಜನು ಕಟ್ಟಿಸಿದ ಜಿನಾಲಯಕ್ಕೆ, ಅವಳ ಕೋರಿಕೆಯ ಮೇರೆಗೆ, ದೊರೆ ದಾನ ಕೊಟ್ಟ. ಚೆಲುವಿನ ವರ್ಣನೆಗಿಂತ ಇಂಥ ಆಡಳಿತದ ಸಾಲೊಂದು ನನಗೆ ಹೆಚ್ಚು ಬೆಲೆಯುಳ್ಳದ್ದು.

ರಾಣಿಯರ ಬಗ್ಗೆ ಬರೆಯುವವರಲ್ಲಿ ಒಂದೇ ಕೋರಿಕೆ: ಬಿರುದು ಬರೆಯುವಾಗ ಅದು ಯಾವ ಊರಿನ, ಯಾವ ಶಕವರ್ಷದ ಶಾಸನದಲ್ಲಿದೆ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.