ಕ್ಯಾನರ್ ಅವರ ಎರಡು ಪ್ರಬಂಧಗಳು: ತರಗತಿಯ ದೃಷ್ಟಿಯಿಂದ ಒಂದು ವಿಮರ್ಶೆ

ಆಟಿಸಂ ಎಂದು ಕರೆಯಲ್ಪಡುವ, ಕನ್ನಡದಲ್ಲಿ ಸ್ವಲೀನತೆಯೆಂದು ಹೆಸರುಗೊಂಡಿರುವ ಸ್ಥಿತಿಯನ್ನು ಕುರಿತು ಬರೆಯುವವರೆಲ್ಲರೂ 1943ರಲ್ಲಿ ಲಿಯೋ ಕ್ಯಾನರ್ ಅವರು ಪ್ರಕಟಿಸಿದ ಪ್ರಬಂಧವನ್ನು ಸ್ಮರಿಸುವುದು ವಾಡಿಕೆ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಅವರು ಅದರಲ್ಲಿ 11 ಮಕ್ಕಳ ವೃತ್ತಾಂತಗಳನ್ನು ನಿರೂಪಿಸಿದರು. ಅವರೇ 28 ವರ್ಷಗಳ ಬಳಿಕ, 1971ರಲ್ಲಿ, ಆ ಮಕ್ಕಳ ಮುಂದಿನ ಗತಿಯೇನಾಯಿತೆಂಬುದನ್ನು ವಿಚಾರಿಸಿ ಇನ್ನೊಂದು ಪ್ರಬಂಧವನ್ನು ಬರೆದರು. ಮೊದಲನೆಯದಕ್ಕೆ ಸಂದ ಕೀರ್ತಿ ಎರಡನೆಯದಕ್ಕೆ ಸಲ್ಲಲಿಲ್ಲ. ಆದರೆ ಅಧ್ಯಾಪಕರಿಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದೆಂದು ನಮ್ಮ ಅಭಿಪ್ರಾಯ. ಈ ಎರಡನ್ನೂ ಚರಿತ್ರೆಯ ಆಕರಗಳೆಂದು ಭಾವಿಸಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಯಾವ ಆಕರವನ್ನು ಕೈಗೆತ್ತಿಕೊಂಡರೂ ಅದು ಯಾರಿಂದ ಹುಟ್ಟಿತು, ಯಾರನ್ನು ಹೊರಗಿಟ್ಟಿತು ಎಂದು ಕೇಳುವುದು ಚರಿತ್ರಕಾರನ ಧರ್ಮ. ಮೊದಲನೆಯ ಪ್ರಬಂಧದ ಮೊದಲನೆಯ ಬಾಲಕ ಡೊನಾಲ್ಡ್. ಮಿಸಿಸಿಪಿ ಸಂಸ್ಥಾನದ ವಕೀಲರಾಗಿದ್ದ ಅವನ ತಂದೆ, ಮಗನನ್ನು ಕುರಿತು 33 ಪುಟಗಳ ಪತ್ರವನ್ನು ಬರೆದು ಕಳುಹಿಸಿದ್ದರು. ಹೀಗೆ ಬರೆಯಬಲ್ಲ, ದೂರದ ತಜ್ಞರಲ್ಲಿಗೆ ಹೋಗಬಲ್ಲ ಮನೆತನಗಳ ಮಕ್ಕಳೇ ಕ್ಯಾನರ್ ಅವರ ಬಳಿಗೆ ಬಂದರು. ಬಡವರ ಮಕ್ಕಳು ಆ ದಾಖಲೆಗೆ ಸೇರುವ ಸಂಭವವೇ ಕಡಮೆಯಾಗಿದ್ದಿತು. ಕ್ಯಾನರ್ ಅವರು ಇದನ್ನು ಸಾಕಷ್ಟು ತೂಗಿ ನೋಡದೆ, ಈ ವಿದ್ಯಾವಂತ ತಂದೆತಾಯಿಗಳಲ್ಲಿ ಮಮತೆಯುಳ್ಳವರು ವಿರಳವೆಂಬ ಮಾತನ್ನು ಸೇರಿಸಿದರು. ಆದರೂ ಈ ಸ್ಥಿತಿಯು ಹುಟ್ಟಿನಿಂದಲೇ ಬಂದುದೆಂದು ತೀರ್ಮಾನಿಸಿದರು. ಓದಿದವರಲ್ಲಿ ಅನೇಕರು ತೀರ್ಮಾನವನ್ನು ಬಿಟ್ಟು ಮಾತನ್ನು ಹಿಡಿದರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅವರ ಗ್ರಂಥವು ಆ ದೋಷವನ್ನು ತಾಯಂದಿರ ಮೇಲೆ ಇನ್ನಷ್ಟು ಹೊರಿಸಿತು. ಆ ವಾದಕ್ಕೆ ಆಧಾರವಿಲ್ಲವೆಂಬುದು ಇಂದು ಸಿದ್ಧವಾಗಿದೆ. ಆದರೂ ಮುಖವೆತ್ತಿ ಮಾತನಾಡದ ವಿದ್ಯಾರ್ಥಿಯನ್ನು ಕಂಡು ಮನೆಯಲ್ಲಿ ನಡತೆ ಕಲಿಸಿಲ್ಲವೆಂದು ನಾವು ನುಡಿದಾಗ, ಅದೇ ಹಳೆಯ ತಪ್ಪನ್ನು ಹೊಸದಾಗಿ ಮಾಡಿದಂತಾಗುತ್ತದೆ.

ಇನ್ನು 1971ರ ಪ್ರಬಂಧ. ಸರ್ಕಾರಿ ಮಾನಸಿಕ ಆಸ್ಪತ್ರೆಗಳಿಗೆ ಸೇರಿಸಲ್ಪಟ್ಟ ಮಕ್ಕಳು ಅಲ್ಲಿಯೇ ಕುಗ್ಗಿಹೋದರು. ಆ ಪ್ರವೇಶವು ಆಜೀವ ಶಿಕ್ಷೆಗೆ ಸಮಾನವಾಯಿತೆಂದು ಕ್ಯಾನರ್ ಅವರೇ ಒಪ್ಪಿಕೊಂಡಿರುವರು. ಡೊನಾಲ್ಡನ ಗತಿ ಬೇರೆಯಾಯಿತು. 1942ರಲ್ಲಿ ಅವನನ್ನು ಒಬ್ಬ ಒಕ್ಕಲಿನ ದಂಪತಿಗಳ ಬಳಿ ಇರಿಸಲಾಯಿತು. ಅವನಿಗೆ ಅಳತೆಯ ಗೀಳು. ಅವರು ಅವನಿಂದ ಬಾವಿಯನ್ನು ತೋಡಿಸಿ ಆಳವನ್ನು ಹೇಳೆಂದರು. ಜೋಳದ ಸಾಲುಗಳನ್ನು ಅವನು ಎಣಿಸುತ್ತಲೇ ಇದ್ದನು. ಉಳುತ್ತ ಎಣಿಸೆಂದು ನೇಗಿಲನ್ನು ಕೈಗಿತ್ತರು. ಸತ್ತ ಹಕ್ಕಿಗಳನ್ನೂ ಹುಳುಗಳನ್ನೂ ಕೂಡಿಡುತ್ತಿದ್ದನು; ಅವುಗಳ ಸಮಾಧಿಗೆಂದು ಒಂದು ತುಂಡು ನೆಲವನ್ನು ಬಿಟ್ಟುಕೊಟ್ಟರು. 1945ರಲ್ಲಿ ಅಲ್ಲಿಗೆ ಹೋದ ಕ್ಯಾನರ್ ಅವರು ಆ ದಂಪತಿಗಳ ವಿವೇಕಕ್ಕೆ ಬೆರಗಾದರು. ಹಳ್ಳಿಯ ಶಾಲೆಯೂ ಅವನ ವಿಚಿತ್ರಗಳನ್ನು ಸಹಿಸಿ ಸ್ವೀಕರಿಸಿತು, ಓದು ಮುಂದುವರಿಯಿತು. 1958ರಲ್ಲಿ ಅವರು ಪದವೀಧರರಾಗಿ, ಬಳಿಕ ಬ್ಯಾಂಕಿನಲ್ಲಿ ಉದ್ಯೋಗಮಾಡಿದರು, 2023ರಲ್ಲಿ ತೀರಿಕೊಂಡರು.

ಈ ವೃತ್ತಾಂತವನ್ನು ಮೆಚ್ಚುವಾಗಲೂ ಎರಡು ಆಕ್ಷೇಪಗಳನ್ನು ಎತ್ತಬೇಕಾಗಿದೆ. ಡೊನಾಲ್ಡ್ ಅವರ ತಾಯಿಯ ಮನೆತನವೇ ಆ ಬ್ಯಾಂಕಿನ ಒಡೆತನವನ್ನು ಹೊಂದಿದ್ದಿತೆಂಬುದು 2010ರಲ್ಲಿ ಜಾನ್ ಡಾನ್ವನ್ ಮತ್ತು ಕ್ಯಾರೆನ್ ಝಕರ್ ಅವರು ಪ್ರಕಟಿಸಿದ ಲೇಖನದಿಂದ ಓದುಗರಿಗೆ ತಿಳಿದುಬಂತು. ಸಂಪತ್ತಿನ ಈ ಆಸರೆಯನ್ನು ಕ್ಯಾನರ್ ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನೊಂದು, ಗೀಳು ಉಪಯುಕ್ತವಾದರೆ ಮಾತ್ರ ವಿದ್ಯಾರ್ಥಿಗೆ ಸ್ಥಾನವುಂಟೆಂಬ ಅರ್ಥವನ್ನು ಇದರಿಂದ ಎಳೆಯಬಾರದು. ಆಟಿಸಂ ಉಳ್ಳವರೆಲ್ಲರೂ ಎಣಿಕೆಯಲ್ಲಿ ನಿಪುಣರಲ್ಲ. ಮಾತೇ ಬಾರದವರೂ ಉಂಟು. ಹಕ್ಕಿಗಳ ಸಮಾಧಿಯಿಂದ ಆ ದಂಪತಿಗಳಿಗೆ ಯಾವ ಲಾಭವೂ ಇರಲಿಲ್ಲ. ಆದರೂ ನೆಲ ಕೊಟ್ಟರು. ಪ್ರಬಂಧದ ತಿರುಳು ಇಲ್ಲಿದೆಯೆಂದು ನಮಗೆ ತೋರುತ್ತದೆ.

ಧನಿಕರ ಮಗನಿಗೆ ಅದೃಷ್ಟದಿಂದ ದೊರೆತುದನ್ನು ಎಲ್ಲರಿಗೂ ಹಕ್ಕಾಗಿ ಕೊಡಲು ನಮ್ಮಲ್ಲಿ ಈಗ ಕಾನೂನು ಇದೆ. 1995ರ ಅಂಗವಿಕಲರ ಅಧಿನಿಯಮದ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಅಧಿನಿಯಮವು ಅದನ್ನು ಸೇರಿಸಿ, ಪಠ್ಯಕ್ರಮದಲ್ಲಿಯೂ ಪರೀಕ್ಷಾಪದ್ಧತಿಯಲ್ಲಿಯೂ ತಕ್ಕ ಮಾರ್ಪಾಡುಗಳನ್ನು ಮಾಡಬೇಕೆಂದು ವಿಧಿಸಿದೆ. ಆದರೆ ಕಾನೂನು ತರಗತಿಯ ಬಾಗಿಲವರೆಗೆ ಬರಬಲ್ಲದು. ಒಳಗಿನ ಕೆಲಸ ನಮ್ಮದು. ವೇಳಾಪಟ್ಟಿ ಬದಲಾಗುವುದಾದರೆ ಮೊದಲೇ ತಿಳಿಸುವುದು, ಸೂಚನೆಗಳನ್ನು ಬಾಯಲ್ಲಿ ಹೇಳಿದ್ದು ಸಾಲದೆ ಬರೆದುಕೊಡುವುದು, ಎರಡರ್ಥದ ಪ್ರಶ್ನೆಗಳನ್ನು ಬಿಡುವುದು, ಎಲ್ಲರೆದುರು ಉತ್ತರಿಸಲಾರದವರಿಂದ ಬರಹದಲ್ಲಿ ಉತ್ತರ ಪಡೆಯುವುದು, ಗದ್ದಲವಿಲ್ಲದ ಕೊಠಡಿಯಲ್ಲಿ ಪರೀಕ್ಷೆಗೆ ಕೂರಿಸುವುದು: ಇವುಗಳಿಗೆ ಹೆಚ್ಚು ಹಣ ಬೇಕಾಗಿಲ್ಲ. ರಾಜವಂಶಗಳ ಇಸವಿಗಳನ್ನಷ್ಟೇ ಮಾತನಾಡುವ ವಿದ್ಯಾರ್ಥಿಯೊಬ್ಬನಿದ್ದರೆ, ಅವನನ್ನು ಸುಮ್ಮನಿರಿಸುವುದರ ಬದಲು ತರಗತಿಯ ಕಾಲಾನುಕ್ರಮಣಿಕೆಯನ್ನು ಅವನ ಕೈಗೆ ಒಪ್ಪಿಸಬಹುದು.

ಕ್ಯಾನರ್ ಅವರು ಹೆಸರಿಟ್ಟು ವಿವರಿಸಿದರು. ಅದು ದೊಡ್ಡ ಕೆಲಸವೇ ಸರಿ. ಆದರೆ ಒಬ್ಬ ಬಾಲಕನ ಬಾಳು ತಿದ್ದಿದ್ದು ಆ ಹೆಸರನ್ನು ಅರಿಯದ ಒಕ್ಕಲಿಗರೂ ಒಂದು ಹಳ್ಳಿಯ ಶಾಲೆಯೂ ಎಂಬುದು ಅವರ ಎರಡನೆಯ ಪ್ರಬಂಧವೇ ಕೊಡುವ ಸಾಕ್ಷ್ಯ. ಹೆಸರನ್ನೂ ಕಾನೂನನ್ನೂ ಬಲ್ಲ ನಾವು ಅವರಿಗಿಂತ ಕಡಮೆ ಮಾಡಿದರೆ ನೆಪ ಹೇಳಲು ನಮಗೆ ಎಡೆಯಿಲ್ಲ.