ಸುಳ್ಳು ಬೋಧಕ ಯಾರು? ಕೇರಿಯಿಂದ ಒಂದು ಪ್ರಶ್ನೆ

‘ಸುಳ್ಳು ಬೋಧಕರಿದ್ದಾರೆ, ಎಚ್ಚರ!’

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಇಗರ್ಜಿಗಳಲ್ಲಿ ಈ ಮಾತು ಹೊಸದಲ್ಲ. ಪ್ರವಚನದಲ್ಲಿ ಬರುತ್ತದೆ, ಕರಪತ್ರದಲ್ಲಿ ಬರುತ್ತದೆ. ಬಾಡಿಗೆ ಕೋಣೆಯಲ್ಲಿ ಮೈಕು ಕಟ್ಟಿ ಪ್ರಾರ್ಥನೆ ನಡೆಸುವ ಬ್ರದರುಗಳ ಕಡೆಗೆ ಬೆರಳು ತೋರುತ್ತದೆ. ಬ್ರದರುಗಳೂ ಸುಮ್ಮನಿಲ್ಲ. ಅವರ ಬೆರಳು ಇಗರ್ಜಿಯ ಕಡೆಗಿದೆ: ಪ್ರತಿಮೆ ಇಟ್ಟು ಕೈ ಮುಗಿಯುವವರು ಅವರು, ಸುಳ್ಳು ಬೋಧಕರು ಅವರೇ.

ಇಂಥ ಎಚ್ಚರಿಕೆಯ ಪಟ್ಟಿಗಳನ್ನು ನಾನು ನಾಲ್ಕಾರು ಓದಿದ್ದೇನೆ. ಬೋಧಕ ಗ್ರಂಥಕ್ಕೆ ಹೊಸ ಮಾತು ಸೇರಿಸುತ್ತಾನೆಯೇ? ತ್ರಿಯೇಕ ದೇವರನ್ನು ಒಪ್ಪುತ್ತಾನೆಯೇ? ಅವನನ್ನು ಕಳಿಸಿದವರು ಯಾರು? ಲೋಕ ಮುಗಿಯುವ ದಿನ ಇಂಥದ್ದೇ ಅಂತ ಹೇಳುತ್ತಾನೆಯೇ? ಎಲ್ಲ ಸರಿ. ಆದರೆ ಒಂದು ಪ್ರಶ್ನೆ ಈ ಯಾವ ಪಟ್ಟಿಯಲ್ಲೂ ನನಗೆ ಸಿಕ್ಕಲಿಲ್ಲ. ಈತ ಯಾರ ಮನೆಯಲ್ಲಿ ಉಣ್ಣುತ್ತಾನೆ? ಯಾರ ಮನೆಯಲ್ಲಿ ಉಣ್ಣುವುದಿಲ್ಲ?

ನಾನು ಕ್ರೈಸ್ತನಲ್ಲ. ಮತ್ತೆ ನಿನಗೆ ಯಾಕಪ್ಪಾ ಈ ಉಸಾಬರಿ ಅಂತ ಕೇಳಬಹುದು. ಪ್ರಾರ್ಥನೆಯ ಕೋಣೆಗೆ ಹೋಗುವವರು ನಮ್ಮ ಕಾಲನಿಯವರು. ಮೋಸವಾದರೆ ಕಳಕೊಳ್ಳುವವರೂ ನಾವೇ. ಆದ್ದರಿಂದ ಸುಳ್ಳು ಬೋಧಕ ಯಾರು ಅನ್ನುವ ತೀರ್ಮಾನವನ್ನು ಪಾದ್ರಿಗೂ ಪಾಸ್ಟರಿಗೂ ಬಿಟ್ಟು ನಾವು ಕೈಕಟ್ಟಿ ಕೂರುವಂತಿಲ್ಲ.

ಅಳತೆಗೋಲು ಅವರ ಗ್ರಂಥದಲ್ಲೇ ಇದೆ. ಕುರಿಯ ತೊಗಲು ಹೊದ್ದ ತೋಳವನ್ನು ತೊಗಲು ನೋಡಿ ಗುರುತಿಸಲಾಗದು, ಅದು ಬಿಟ್ಟ ಫಲ ನೋಡಬೇಕು ಎಂಬ ಅರ್ಥದ ಮಾತನ್ನು ಯೇಸು ಹೇಳಿದ್ದಾನೆ. ಪೇತ್ರನ ಹೆಸರಿನ ಎರಡನೆಯ ಪತ್ರಿಕೆ ಜನರ ನಂಬಿಕೆಯನ್ನೇ ವ್ಯಾಪಾರ ಮಾಡಿಕೊಳ್ಳುವ ಬೋಧಕರ ಬಗ್ಗೆ ಎಚ್ಚರಿಸುತ್ತದೆ. ಆದರೆ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಒಂದು ಪ್ರಸಂಗ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜಾತಿಯವರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಯೆರೂಸಲೇಮಿನ ಕಡೆಯ ಶುದ್ಧಾಚಾರದವರು ಬಂದ ಕೂಡಲೇ ಹೆದರಿ ಎದ್ದು ಬೇರೆ ಕುಳಿತ. ಪೌಲ ಎಲ್ಲರೆದುರಿಗೇ ಅವನ ಮುಖಕ್ಕೆ ಹೇಳಿದ: ನೀನು ಮಾಡಿದ್ದು ಸತ್ಯಕ್ಕೆ ವಿರುದ್ಧ.

ಗಮನಿಸಿ ಗೆಳೆಯರೆ. ಪೇತ್ರನ ಸಿದ್ಧಾಂತದಲ್ಲಿ ತಪ್ಪಿರಲಿಲ್ಲ. ಅವನು ಒಂದು ತಪ್ಪು ಮಾತೂ ಆಡಿರಲಿಲ್ಲ. ಎಲೆ ಬಿಟ್ಟು ಎದ್ದ, ಅಷ್ಟೇ. ಅಷ್ಟಕ್ಕೇ ಆದಿಶಿಷ್ಯನನ್ನೂ ತರಾಟೆಗೆ ತೆಗೆದುಕೊಂಡ ಗ್ರಂಥ ಅದು. ನಮ್ಮ ಭಾಷೆಯಲ್ಲಿ ಇದಕ್ಕೆ ಪಂಕ್ತಿಭೇದ ಅನ್ನುತ್ತೇವೆ. ಇದೇ ಅಳತೆಗೋಲು ಹಿಡಿದು ನಮ್ಮ ದೇಶದ ಸಭೆಗಳ ಚರಿತ್ರೆ ನೋಡಿದರೆ ಏನು ಕಾಣುತ್ತದೆ?

1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸ್ವಿಟ್ ರಾಬರ್ಟೊ ಡಿ ನೊಬಿಲಿ ಸಂನ್ಯಾಸಿಯ ವೇಷ ತೊಟ್ಟ. ಮೇಲ್ಜಾತಿಯವರನ್ನು ಒಲಿಸಿಕೊಳ್ಳಲು ಕೆಳಜಾತಿಯ ಕ್ರೈಸ್ತರಿಂದ ದೂರ ಉಳಿದ. ವಿವಾದ ರೋಮಿಗೆ ಹೋಯಿತು. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಮತಕ್ಕೆ ಬಂದವರು ಜನಿವಾರ, ಜುಟ್ಟು, ಗಂಧ ಉಳಿಸಿಕೊಳ್ಳಬಹುದು ಅಂತ ಅನುಮತಿ ಕೊಟ್ಟರು. ಕೀಳೆನಿಸಿದವರನ್ನು ತಿರಸ್ಕರಿಸಬೇಡಿ ಎಂಬ ಬುದ್ಧಿವಾದವೂ ಅದರಲ್ಲಿತ್ತು. ಜನಿವಾರ ಉಳಿಯಿತು, ಬುದ್ಧಿವಾದ ಕಾಗದದಲ್ಲಿ ಉಳಿಯಿತು. ತಿರುನೆಲ್ವೇಲಿ ಕಡೆಯ ವಡಕ್ಕನ್‌ಕುಳಂನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾಂಟಿನ ಎರಡು ಕಾಲಿನ ಹಾಗೆ ಕವಲೊಡೆದ ಇಗರ್ಜಿಯನ್ನೇ ಕಟ್ಟಿದರು. ಒಂದು ಕವಲು ಮೇಲ್ಜಾತಿಗೆ, ಇನ್ನೊಂದು ಕೆಳಗಿನವರಿಗೆ, ನಡುವೆ ಗೋಡೆ. ಆ ಗೋಡೆ ಬಿದ್ದದ್ದು 1910ರಲ್ಲಿ. ಆದರೆ ಅದೇ ತಮಿಳುನಾಡಿನ ಎರೈಯೂರಿನಲ್ಲಿ 2008ರ ಮಾರ್ಚಿನಲ್ಲಿ ದಲಿತ ಕ್ರೈಸ್ತರು ಸಮಾನತೆ ಕೇಳಿದ್ದಕ್ಕೆ ವನ್ನಿಯ ಕ್ರೈಸ್ತರು ತಿರುಗಿಬಿದ್ದರು. ಗೋಲಿಬಾರಿನಲ್ಲಿ ಇಬ್ಬರು ಸತ್ತರು.

ಅದೆಲ್ಲ ತಮಿಳುನಾಡಿನ ಕತೆ, ನಮ್ಮಲ್ಲಿ ಹಾಗಿಲ್ಲ ಅನ್ನಬೇಡಿ. ನಮ್ಮ ಕರಾವಳಿಯ ಕೆಥೊಲಿಕರಲ್ಲಿ ಹೆಚ್ಚಿನವರ ಹಿರಿಯರು ಗೋವಾದಿಂದ ಬಂದವರು. ಬರುವಾಗ ಬಾಮಣ್, ಚಾರೋಡಿ, ಶುದಿರ್ ಎಂಬ ಗಂಟನ್ನೂ ಹೊತ್ತು ತಂದರು. ಜ್ಞಾನಸ್ನಾನದ ನೀರಿನಲ್ಲಿ ಹೆಸರು ಬದಲಾಯಿತು, ಗಂಟು ನೆನೆಯಲಿಲ್ಲ. ಮದುವೆಯ ಮಾತುಕತೆ ಶುರುವಾದಾಗ ಅದು ಈಗಲೂ ಬಿಚ್ಚಿಕೊಳ್ಳುತ್ತದೆ. ಬೆಳ್ತಂಗಡಿಯ ಗುಡ್ಡಗಳಿಗೆ ಕೇರಳದಿಂದ ರಬ್ಬರು ಬೆಳೆಯಲು ಬಂದ ಸಿರಿಯನ್ ಕ್ರೈಸ್ತರಿಗಾಗಿ 1999ರಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತವಾಯಿತು. ಅವರ ಹಿರಿಯರ ನಾಡಿನಲ್ಲೇ ಪೊಯ್‌ಕಯಿಲ್ ಯೋಹನ್ನಾನ್ ಎಂಬ ದಲಿತ ಬೋಧಕನಿದ್ದ. ಮಾರ್ತೋಮಾ ಸಭೆಗೆ ಹೋದ, ಅಲ್ಲಿಂದ ಬ್ರದರನ್ ಸಭೆಗೆ ಹೋದ. ಎಲ್ಲ ಕಡೆ ಪುಲಯ-ಪರಯರಿಗೆ ಬೇರೆ ಜಾಗ. ಬೇಸತ್ತು ಹೊರಬಂದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರತ್ಯಕ್ಷ ರಕ್ಷಾ ದೈವ ಸಭೆ ಕಟ್ಟಿದ. ದೊಡ್ಡ ಸಭೆಗಳ ಕಣ್ಣಿಗೆ ಅವನು ಸುಳ್ಳು ಬೋಧಕ. ಪಂಕ್ತಿಭೇದದ ಅಳತೆಗೋಲು ಹಿಡಿದರೆ ಸುಳ್ಳು ಯಾವ ಕಡೆಗಿತ್ತು?

ಮೆಚ್ಚಬೇಕಾದ್ದನ್ನು ಮೆಚ್ಚೋಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಜಾತಿ ಬಿಟ್ಟು ಬಾ ಅಂತ ಸ್ಪಷ್ಟವಾಗಿ ಹೇಳಿತು. ಬಂದವರಲ್ಲಿ ಬಹಳಷ್ಟು ಮಂದಿ ಬಿಲ್ಲವರು. ಸೇಂದಿ ಇಳಿಸುವುದು ಪಾಪವೆಂದ ಮೇಲೆ ಅವರ ಹೊಟ್ಟೆಪಾಡಿಗೆ ದಾರಿ ತೋರಿಸಬೇಕಾಯಿತು. ನೇಯ್ಗೆ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಸೂರಿನಡಿ ದುಡಿದರು. ಮೇಲುಸ್ತುವಾರಿ ಮಾತ್ರ ಬಿಳಿಯ ಸಾಹೇಬರದೇ. ಆದರೂ ಬೋಧಿಸಿದವನು ಜನರ ಅನ್ನದ ಹೊಣೆಯನ್ನೂ ಹೊರಬೇಕು ಎಂಬ ಪಾಠ ಅಲ್ಲಿದೆ. ಇದು ಫಲ.

ಭಾರತದ ಕೆಥೊಲಿಕ್ ಬಿಷಪರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣ ನೀತಿ ಹೊರಡಿಸಿ, ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ತಾನೇ ಒಪ್ಪಿಕೊಂಡಿತು. ಅದರ ಲೆಕ್ಕದಲ್ಲಿ ದೇಶದ 1 ಕೋಟಿ 90 ಲಕ್ಷ ಕೆಥೊಲಿಕರಲ್ಲಿ 1 ಕೋಟಿ 20 ಲಕ್ಷ ಮಂದಿ ದಲಿತರು. ದಲಿತರೊಬ್ಬರು, ಹೈದರಾಬಾದಿನ ಆಂಟನಿ ಪೂಲ, ಮೊದಲ ಬಾರಿಗೆ ಕಾರ್ಡಿನಲ್ ಆದದ್ದು 2022ರಲ್ಲಿ. ಒಪ್ಪಿಕೊಂಡದ್ದು ದೊಡ್ಡ ಮಾತು. ಆದರೆ ಆ ನೀತಿಯ ಮಾತು ಹಳ್ಳಿಯ ಪ್ರವಚನಕ್ಕೆ ಇಳಿದಿದೆಯೇ? ಬ್ರದರುಗಳ ಬಗ್ಗೆ ಬರುವಷ್ಟು ಎಚ್ಚರಿಕೆ ಜಾತಿಯ ಬಗ್ಗೆ ಬರುತ್ತದೆಯೇ?

ಈಗ ಬ್ರದರುಗಳ ಕಡೆ ಬರುತ್ತೇನೆ.

ನಮ್ಮ ಕಾಲನಿಯಲ್ಲಿ ನನಗೆ ದೊಡ್ಡಮ್ಮ ಆಗಬೇಕಾದವರೊಬ್ಬರು ಇದ್ದಾರೆ. ಬೀಡಿ ಕಟ್ಟಿ ಕಟ್ಟಿ ಬೆನ್ನು ಬಾಗಿದೆ. ಕ್ಷಯ ಅಂತ ಗೊತ್ತಾಗಿ ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಕೆಮ್ಮು ಇಳಿಯಿತು. ಆಗ ಯಾರೋ ಪ್ರಾರ್ಥನೆಗೆ ಕರಕೊಂಡು ಹೋದರು. ಅಲ್ಲಿಯ ಬ್ರದರು ಎಣ್ಣೆ ಹಚ್ಚಿ, ನಿನಗೆ ವಾಸಿಯಾಗಿದೆ, ಇನ್ನು ಮಾತ್ರೆ ನುಂಗಿದರೆ ನಂಬಿಕೆ ಇಲ್ಲ ಅಂತ ಅರ್ಥ ಅಂದರಂತೆ. ದೊಡ್ಡಮ್ಮ ಮಾತ್ರೆ ಬಿಟ್ಟರು. ಆಶಾ ಕಾರ್ಯಕರ್ತೆ ಬಂದು ನನ್ನಲ್ಲಿ ಹೇಳಿದಾಗ ನಾನು ಸಿಟ್ಟಿನಲ್ಲಿ ಹೋಗಿ ಕೂಗಾಡಿದೆ. ದೊಡ್ಡಮ್ಮ ಶಾಂತವಾಗಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ:

‘ಅಲ್ಲಿ ನನಗೆ ಕುರ್ಚಿ ಕೊಟ್ರು ಮಗಾ. ಪಕ್ಕದಲ್ಲೇ ಕೂತ್ರು. ತಲೆ ಮೇಲೆ ಕೈ ಇಟ್ರು. ಮಾತ್ರೆ ಕೊಡುವಲ್ಲಿ ನನ್ನ ಮುಖ ಸಾ ಯಾರೂ ನೋಡುದಿಲ್ಲ.’

ನನ್ನ ಬಾಯಿ ಕಟ್ಟಿತು. ಆಯುಷ್ಯದಲ್ಲಿ ಜಾತಿಯ ಹಂಗಿಲ್ಲದೆ ಅವರ ತಲೆ ಮುಟ್ಟಿದ ಮೊದಲ ಹೊರಗಿನ ಕೈ, ಅವರ ಪ್ರಾಣಕ್ಕೇ ಸಂಚಕಾರ ತರುವ ಕೈಯೂ ಆಗಿತ್ತು. ಸುಳ್ಳು ಬೋಧಕನ ಬಂಡವಾಳ ಇದು. ನಮ್ಮ ಜನರಿಗೆ ಬುದ್ಧಿ ಇಲ್ಲ ಅಂತ ಅಲ್ಲ. ಬೇರೆ ಯಾರೂ ಕುರ್ಚಿ ಕೊಟ್ಟಿಲ್ಲ ಅಂತ. ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟರೆ ರೋಗ ಮರಳುತ್ತದೆ, ಆಮೇಲೆ ಅದೇ ಮಾತ್ರೆಗೆ ಬಗ್ಗದೆಯೂ ಹೋಗಬಹುದು. ಮಾತ್ರೆ ಬಿಡಿಸುವವನು ಯಾರ ಹೆಸರು ಹೇಳಿ ಬಿಡಿಸಿದರೂ ಸುಳ್ಳು ಬೋಧಕನೇ. ಅದರಲ್ಲಿ ಎರಡು ಮಾತಿಲ್ಲ.

ಇದು ಕ್ರೈಸ್ತರಲ್ಲಿ ಮಾತ್ರ ಇರುವ ರೋಗವೆಂದು ಯಾರೂ ಹಿಗ್ಗಬೇಕಿಲ್ಲ. ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ಉಳಿದವರ ಅನಿಷ್ಟ ಕಳೆಯುವ ಅಜಲು ನಮ್ಮ ಜಿಲ್ಲೆಯ ಆಚಾರ. ಅದನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ನಾಯಿ, ಹಾವು, ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಅಪರಾಧವೆಂದು ರಾಜ್ಯದ 2017ರ ಮೌಢ್ಯ ವಿರೋಧಿ ಕಾಯ್ದೆ ಹೇಳಬೇಕಾಯಿತು. ಎಲ್ಲ ಗುಡಿಗಳಲ್ಲೂ ತೋಳಗಳಿವೆ.

ಇನ್ನೊಂದು ಎಚ್ಚರಿಕೆ. ಸುಳ್ಳು ಬೋಧಕನನ್ನು ಗುರುತಿಸುವ ಕೆಲಸವನ್ನು ದೊಣ್ಣೆ ಹಿಡಿದವರ ಕೈಗೆ ಕೊಡಬಾರದು. 2008ರ ಸೆಪ್ಟೆಂಬರ್ 14ರ ಭಾನುವಾರ ಕರಾವಳಿಯಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾಯಿತು. ನೆಪ ಮತಾಂತರ. ಮಂಗಳೂರಿನ ಮಿಲಾಗ್ರಿಸ್ ಬಳಿ ಗೋಡೆಯ ಹೊರಗೆ ಕಾಲಿಡದೆ ಧ್ಯಾನದಲ್ಲಿರುವ ಕ್ಲೇರಮ್ಮನ ಮಠದ ಸಿಸ್ಟರುಗಳನ್ನೂ ಬಿಡಲಿಲ್ಲ. ಅವರು ಯಾರನ್ನು ಮತಾಂತರ ಮಾಡಲು ಹೋಗಿದ್ದರು? ಆಗ ಕೆಲವರು, ‘ನಾವು ಹಾಗಲ್ಲ, ಮತಾಂತರ ಮಾಡುವವರು ಆ ಬ್ರದರುಗಳು’ ಅಂತ ಮೆಲ್ಲಗೆ ಜಾರಿಕೊಂಡದ್ದೂ ಉಂಟು. ಇದೂ ಎಲೆ ಬಿಟ್ಟು ಎದ್ದ ಪೇತ್ರನ ಕೆಲಸವೇ. ಮೋಸಗಾರನನ್ನು ಪ್ರಶ್ನೆ ಕೇಳಿ ಹಿಡಿಯಬೇಕು, ಕಾನೂನಿನಲ್ಲಿ ಹಿಡಿಯಬೇಕು. ಕಲ್ಲು ಬೀಸಿದರೆ ಅವನು ಹುತಾತ್ಮನಾಗುತ್ತಾನೆ, ಗಾಯ ನಮ್ಮ ದೊಡ್ಡಮ್ಮಂದಿರಿಗಾಗುತ್ತದೆ.

ಹಾಗಾದರೆ ಏನು ಕೇಳಬೇಕು? ಶಾಲೆಯಲ್ಲಿ, ಸಂಘದ ಸಭೆಯಲ್ಲಿ ನಮ್ಮ ಜನರಿಗೆ ಕಲಿಸಬಹುದಾದ ಐದು ಪ್ರಶ್ನೆಗಳನ್ನು ಇಡುತ್ತೇನೆ.

ಮೊದಲನೆಯದು ಊಟದ್ದು. ಬೋಧಕ ನಮ್ಮ ಮನೆಯ ಗಂಜಿ ಕುಡಿಯುತ್ತಾನೆಯೇ? ಸತ್ತ ಮೇಲೆ ಎಲ್ಲರಿಗೂ ಒಂದೇ ಸಾಲಿನಲ್ಲಿ ಗುಂಡಿ ತೋಡುತ್ತಾನೆಯೇ? ಜಾತಿ ದಾಟಿದ ಮದುವೆಗೆ ನಗುಮುಖದಿಂದ ನಿಲ್ಲುತ್ತಾನೆಯೇ?

ಎರಡನೆಯದು ಮದ್ದಿನದು. ಪ್ರಾರ್ಥನೆ ಮಾಡಲಿ, ಬೇಡ ಅನ್ನುವುದಿಲ್ಲ. ಮಾತ್ರೆ ನುಂಗು ಅಂತಲೂ ಹೇಳುತ್ತಾನೆಯೇ?

ಮೂರನೆಯದು ದುಡ್ಡಿನದು. ದಶಮಾಂಶ ಕೇಳುವವನು ಲೆಕ್ಕ ತೋರಿಸುತ್ತಾನೆಯೇ? ಬೀಡಿಯ ಮಜೂರಿಯಲ್ಲಿ ಹತ್ತರಲ್ಲೊಂದು ಕೊಡುವವರಿಗೆ ಉಳಿದ ಒಂಬತ್ತರಲ್ಲಿ ಒಲೆ ಉರಿಯುತ್ತದೆಯೇ ಅಂತ ವಿಚಾರಿಸಿದ್ದಾನೆಯೇ?

ನಾಲ್ಕನೆಯದು ಕಾಗದದ್ದು. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಮಾತ್ರ ಅಂತ ಗೆರೆ ಎಳೆಯಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಮೀಸಲಾತಿಯೂ ಹೋಗುತ್ತದೆ, 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ಹೋಗುತ್ತದೆ. ನಮ್ಮ ರಾಜ್ಯ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದೆ. ಪರಿಶಿಷ್ಟ ಪಂಗಡದ ಕೊರಗರಿಗೆ ಈ ಗೆರೆ ಇಲ್ಲ. ನಂಬಿಕೆಯಿಲ್ಲದೆ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಅಂತ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿತು. ಆ ಆದೇಶವೇ ಅನ್ಯಾಯ ಅನ್ನುವುದು ನನ್ನ ನಿಲುವು. ದೇವರು ಬದಲಾದರೆ ಊರು ಜಾತಿ ಮರೆಯುವುದಿಲ್ಲ. ಆದರೆ ಇದನ್ನೆಲ್ಲ ಮುಚ್ಚಿಟ್ಟು, ‘ಸರ್ಟಿಫಿಕೇಟು ಹಾಗೇ ಇರ್ಲಿ, ಎಂತ ಆಗುದಿಲ್ಲ’ ಅಂತ ಹೇಳಿ ನೀರಿಗಿಳಿಸುವವನನ್ನು ಏನೆಂದು ಕರೆಯಬೇಕು? ಮುಂದೆ ಕೆಲಸ ಕಳಕೊಳ್ಳುವುದು ಅವನ ಮಗ ಅಲ್ಲ.

ಐದನೆಯದು ಮಣ್ಣಿನದು. ಬ್ರಿಟಿಷರ ಕಾಲದಲ್ಲಿ ದಲಿತರಿಗಾಗಿ ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿಗಾಗಿ ನಮ್ಮವರು ತಾಲೂಕು ಕಚೇರಿಯ ಎದುರು ಕೂತಾಗ ಬೋಧಕ ಎಲ್ಲಿರುತ್ತಾನೆ? ಪಕ್ಕದಲ್ಲಿ ಬಂದು ಕೂರುತ್ತಾನೋ, ಅಥವಾ ಪರಲೋಕದಲ್ಲಿ ಜಾಗ ಉಂಟು, ಇಲ್ಲಿ ತಾಳ್ಮೆ ಬೇಕು ಅಂತ ಬೋಧಿಸುತ್ತಾನೋ?

ಈ ಪ್ರಶ್ನೆಗಳಿಗೆ ಸಿಟ್ಟಾಗುವವನು ಯಾವ ನಿಲುವಂಗಿ ತೊಟ್ಟಿದ್ದರೂ ಅವನಿಂದ ದೂರವಿರಿ. ಕೂತು ಉತ್ತರ ಕೊಡುವವನ ಮಾತು ಕೇಳಿ, ಆಮೇಲೆ ನೀವೇ ತೀರ್ಮಾನಿಸಿ.

ದೊಡ್ಡಮ್ಮ ಮತ್ತೆ ಮಾತ್ರೆ ಶುರುಮಾಡಿದರು. ನನ್ನ ಕೂಗಾಟದಿಂದಲ್ಲ. ಆಶಾ ಕಾರ್ಯಕರ್ತೆ ದಿನಾ ಬಂದು, ಪಕ್ಕದಲ್ಲಿ ಕೂತು, ಒಟ್ಟಿಗೆ ಚಾ ಕುಡಿದು ನುಂಗಿಸಿದ್ದರಿಂದ. ಭಾನುವಾರದ ಪ್ರಾರ್ಥನೆಯನ್ನು ಅವರು ಬಿಟ್ಟಿಲ್ಲ, ನಾನು ಬಿಡಿಸಲೂ ಹೋಗಿಲ್ಲ. ಒಂದು ದಿನ ಬ್ರದರನ್ನೇ ಮನೆಗೆ ಊಟಕ್ಕೆ ಕರೆದರು. ಬಂದರು, ಹೊಟ್ಟೆ ತುಂಬ ಉಂಡರು. ಮಾತ್ರೆಯ ವಿಷಯ ದೊಡ್ಡಮ್ಮನೇ ಎತ್ತಿದಾಗ ಮಾತು ತೇಲಿಸಿದರು.

ಒಂದು ಪ್ರಶ್ನೆಯಲ್ಲಿ ಪಾಸು, ಒಂದರಲ್ಲಿ ಫೇಲು. ಅವರನ್ನು ಸುಳ್ಳು ಬೋಧಕ ಅಂತ ಕರೆದ ಇಗರ್ಜಿಯವರು ಊಟದ ಪ್ರಶ್ನೆಗೆ ಇನ್ನೂ ನಮ್ಮ ಕಾಲನಿಗೆ ಬಂದಿಲ್ಲ.