ಕತ್ತಲೆ ಬಸದಿಯ ಕಲ್ಲುಮಾಡು

ಬಾರಕೂರೆಂದರೆ ಎಲ್ಲರ ಬಾಯಲ್ಲೂ ಮುನ್ನೂರ ಅರವತ್ತೈದು ದೇವಸ್ಥಾನಗಳ ಮಾತೇ. ಆಳುಪರ ರಾಜಧಾನಿ, ವಿಜಯನಗರ ಕಾಲದ ಬಾರಕೂರು ರಾಜ್ಯ, ಬಾರಕೂರ ಗದ್ಯಾಣವೆಂಬ ನಾಣ್ಯ ಇವೆಲ್ಲ ಓದುಗರಿಗೆ ಗೊತ್ತಿದ್ದದ್ದೇ. ಈ ಎಣಿಕೆಯ ಸಡಗರದಲ್ಲಿ ಪೂಜೆ ನಿಂತು ಗರ್ಭಗುಡಿ ಬರಿದಾದ ಕತ್ತಲೆ ಬಸದಿಗೆ ಸಿಗುವುದು ಒಂದೇ ಸಾಲು: ಹಾಳುಬಿದ್ದ ಜೈನ ಬಸದಿ. ಹೊಗಳಿಕೆಯೆಲ್ಲ ಮೂಡುಬಿದಿರೆಯ ಪಾಲು. 1430ರ ಸಾವಿರ ಕಂಬದ ಬಸದಿಗೆ ಅದು ಸಲ್ಲಬೇಕಾದ್ದೇ. ಆದರೆ ಅಲ್ಲಿ ಮೇಲಂತಸ್ತಿಗೆ ಮರದ ನೆರವಿದೆ. ಇಲ್ಲಿ ಮಾಡೂ ಕಲ್ಲೇ. ಕರಾವಳಿಯ ಶಿಲ್ಪಿ ಮಳೆಯನ್ನು ಕಲ್ಲಿನಿಂದ ಹೇಗೆ ಎದುರಿಸಿದನೆಂದು ತಿಳಿಯಬೇಕಾದವರು ಮೊದಲು ಬರಬೇಕಾದ್ದು ಬ್ರಹ್ಮಾವರ ತಾಲೂಕಿನ ಈ ಬಸದಿಗೆ.

ಈ ಬಗೆಯ ಕಲ್ಲುಮಾಡಿನಲ್ಲಿ ಉದ್ದುದ್ದ ಚಪ್ಪಡಿಗಳನ್ನು ಒತ್ತೊತ್ತಾಗಿ ಇಳಿಜಾರಿಗೆ ಹಾಸುತ್ತಾರೆ. ಎಷ್ಟು ನಯವಾಗಿ ಕಡೆದರೂ ಎರಡು ಚಪ್ಪಡಿ ಕೂಡುವಲ್ಲಿ ಸಂದು ಉಳಿಯುತ್ತದೆ, ನೀರು ಅದನ್ನೇ ಹುಡುಕಿಕೊಂಡು ಬರುತ್ತದೆ. ಹಾಗಾಗಿ ಸಂದಿನ ಉದ್ದಕ್ಕೂ ಮೇಲೊಂದು ಕಿರಿದಾದ ಕಲ್ಲುಪಟ್ಟಿ. ಬಿದ್ದ ನೀರು ಪಟ್ಟಿಯ ಬೆನ್ನಿನಿಂದ ಎರಡೂ ಬದಿಗೆ ಜಾರಿ, ಚಪ್ಪಡಿಯ ನಡುವೆ ಹರಿದು, ಸೂರಿನ ತುದಿಯಿಂದ ಗೋಡೆಗೆ ತಾಗದಂತೆ ಅಂಗಳಕ್ಕೆ ಬೀಳುತ್ತದೆ. ಇಷ್ಟು ಭಾರ ಹೊರಬೇಕಾದ್ದರಿಂದ ಕಂಬಗಳು ಹತ್ತಿರ ಹತ್ತಿರ. ಒಳಗೆ ಜಾಗ ಇಕ್ಕಟ್ಟು, ಬೆಳಕು ಕಡಿಮೆ. ಕುಸುರಿ ಕೆಲಸ ಹುಡುಕಿಕೊಂಡು ಬಂದವರಿಗೆ ನಿರಾಸೆಯಾಗುತ್ತದೆ, ಒಪ್ಪಿದೆ. ಆ ಇಕ್ಕಟ್ಟು ಮಾಡಿಗಾಗಿ ತೆತ್ತ ಬೆಲೆ. ಅದನ್ನು ಕೊರತೆಯ ಪಟ್ಟಿಗೆ ಸೇರಿಸುವುದು ಅನ್ಯಾಯ.

ಕರಾವಳಿಯ ಬಸದಿಗಳ ಬಗ್ಗೆ ಬರೆಯುವವರಲ್ಲಿ ಹಲವರು ಇವತ್ತಿಗೂ ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್‌ನ ಮಾತನ್ನೇ ಒಪ್ಪಿಸುತ್ತಾರೆ. ಕೆನರಾದ ಜೈನ ಕಟ್ಟಡಗಳು ದ್ರಾವಿಡ ಶೈಲಿಯವೂ ಅಲ್ಲ, ಉತ್ತರದವೂ ಅಲ್ಲ, ಇವುಗಳ ಜೋಡಿ ಇರುವುದು ನೇಪಾಳದಲ್ಲಿ ಎಂದು 1876ರಲ್ಲಿ ಅವನು ಬರೆದ. ಕಂಬಗಳು ಮೂಲೆ ಕೆತ್ತಿದ ಮರದ ದಿಮ್ಮಿಯಂತಿವೆ, ಇಳಿಜಾರು ಮಾಡು ಮರದ್ದರಿಂದಲೇ ಬಂದದ್ದು ಎಂದೂ ಸೇರಿಸಿದ. ಕಂಬದ ಮಟ್ಟಿಗೆ ಅವನ ಕಣ್ಣು ಸರಿಯಾಗಿಯೇ ನೋಡಿದೆ. ಮಾಡಿನ ವಿಷಯದಲ್ಲಿ ‘ಮರದ ಅನುಕರಣೆ’ ಎಂದೊಡನೆ ವಿಚಾರಣೆಯೇ ನಿಂತುಹೋಗುತ್ತದೆ. ಮರದ ಚೌಕಟ್ಟಿಗೆ ಹೊದಿಸುವ ಮುಳಿಹುಲ್ಲಿನ ಮಾಡಿಗೆ ಸಂದೇ ಇಲ್ಲ! ಸಂದಿನ ಕಾಟ ಶುರುವಾಗುವುದೇ ಚಪ್ಪಡಿ ಹಾಸಿದ ಮೇಲೆ. ಅದಕ್ಕೆ ಕಂಡುಕೊಂಡ ಉಪಾಯವನ್ನು ಹುಲ್ಲಿನ ಮಾಡಿನಿಂದ ಕಲಿತದ್ದೆಂದು ಹೇಗೆ ಹೇಳುವುದು? ಐಹೊಳೆಯ ಲಾಡಖಾನ್ ಗುಡಿಯ ಮೇಲೂ ಇಂಥ ಪಟ್ಟಿಗಳಿವೆ. ಅಲ್ಲಿಯ ಅಲ್ಪ ಮಳೆಗೆ ಆ ಮಾಡಿನ ಸಣ್ಣ ಇಳಿಜಾರೇ ಸಾಕು. ವರ್ಷಕ್ಕೆ ಸುಮಾರು 4000 ಮಿ.ಮೀ. ಸುರಿಯುವ, ಕಡಲ ಗಾಳಿ ಎರಚಲು ಹೊಡೆಯುವ ಈ ಸೀಮೆಯಲ್ಲಿ ಅದು ಸಾಲದು. ಮಳೆಯ ಊರುಗಳಲ್ಲೆಲ್ಲ ಮಾಡು ಇಳಿಜಾರಾಗಿಯೇ ಇರುತ್ತದೆ. ಅದಕ್ಕೆ ನೇಪಾಳದವರೆಗೆ ಹೋಗಬೇಕಾಗಿಲ್ಲ.

ಪಾದೂರು ಗುರುರಾಜ ಭಟ್ಟರ ವಿಷಯ ಬೇರೆ. ತುಳುನಾಡಿನ ಇತಿಹಾಸ, ಸಂಸ್ಕೃತಿ ಕುರಿತ ಅವರ 1975ರ ಬೃಹತ್ ಗ್ರಂಥವನ್ನು ಬದಿಗಿಟ್ಟು ಇಲ್ಲಿಯ ಗುಡಿಗಳ ಬಗ್ಗೆ ಒಂದು ಪುಟವನ್ನೂ ಬರೆಯಲಾಗದು. ಆದರೆ ವಿಗ್ರಹ ಲಕ್ಷಣ, ಶಾಸನಗಳಿಂದ ಕಾಲ ಗೊತ್ತುಮಾಡುವ ಅವರ ಕ್ರಮ ಬಳಿಕ ಬಂದವರ ಕೈಯಲ್ಲಿ ಬರೀ ರೂಢಿಯಾಯಿತು. ವಿಗ್ರಹವಿದ್ದರೆ ಐದು ಪುಟ, ಇಲ್ಲದಿದ್ದರೆ ಒಂದು ಸಾಲು. ತೀರ್ಥಂಕರನಿಲ್ಲದ ಗರ್ಭಗುಡಿಯ ಮುಂದೆ ನಿಂತು ತಲೆಯೆತ್ತಿ ನೋಡುವ ಅಭ್ಯಾಸವೇ ತಪ್ಪಿದೆ.

ಇದರ ಪೆಟ್ಟು ಬೀಳುವುದು ದುರಸ್ತಿಯ ಹೊತ್ತಿಗೆ. ಮಾಡಿನ ಲೆಕ್ಕ ತಿಳಿಯದವರು ಇಂಥ ಕಟ್ಟಡ ಸೋರಿದರೆ ಸಂದಿಗೆ ಸಿಮೆಂಟು ತುಂಬಲು ಹೊರಡುತ್ತಾರೆ. ಬಿಸಿಲಿಗೆ ಸಿಮೆಂಟು ಬಿರಿಯುತ್ತದೆ, ಬಿರುಕಿನಲ್ಲಿ ಹೊಕ್ಕ ನೀರು ಹೊರಬರಲು ದಾರಿ ಕಾಣದೆ ಒಳಗೇ ಉಳಿಯುತ್ತದೆ. ಜರುಗಿದ ಪಟ್ಟಿಯನ್ನು ಎತ್ತಿ ಮತ್ತೆ ಅದರ ಜಾಗದಲ್ಲೇ ಕೂರಿಸಬೇಕು. ಅಂಟು ಬೇಕೆನಿಸಿದರೆ ಸುಣ್ಣದ ಗಾರೆ ಸಾಕು. ಅದಕ್ಕೂ ಮೊದಲು ಪ್ರತಿ ಚಪ್ಪಡಿ, ಪ್ರತಿ ಪಟ್ಟಿಯ ಅಳತೆ ತೆಗೆದು ಮಾಡಿನ ನಕ್ಷೆ ಬರೆದಿಡಬೇಕು.